ಹೋದ ಗಾಳಿಗೆ ಎಸೆದ ಬಿಲ್ಲೆ

"ಬುದ್ಧೀ, ಸೋಮವಾರವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದಳೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಹಾಲಪ್ಪ. ಹೆಂಡತಿ ಕೆಂಚಮ್ಮ ತೀರಿಕೊಂಡ ಮೇಲೆ ಮನೆ ಬಿಟ್ಟು ಮಠ ಸೇರಿದವನು. ಅವಳಿಗೆ ಜ್ವರ ಬಂದದ್ದು ಸೋಮವಾರ. ಅವನು ಆಸ್ಪತ್ರೆಗೆ ಕರೆದೊಯ್ದದ್ದು ಬುಧವಾರ. ಅಂದಿನಿಂದ ಅವನಿಗೆ ಸೋಮವಾರ ಬಿಟ್ಟರೆ ಬೇರೆ ದಿನವೇ ಇಲ್ಲ.

ಹೊರಗೆ ಜಗಲಿಯ ಮೇಲೆ ಅವನ ಅತ್ತೆ ಕೂತಿದ್ದರು. ಕೆಂಚಮ್ಮನ ತಾಯಿ. ಅವರಿಗೆ ಇದ್ದವಳು ಅವಳೊಬ್ಬಳೇ ಮಗಳು. ಅಳಿಯನನ್ನು ಮನೆಗೆ ಕರೆದೊಯ್ಯಲು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಬಂದಿದ್ದರು. "ರೊಟ್ಟಿ ತಂದೀನಪ್ಪ. ಒಬ್ಬಳೇ ಕೂತು ತಿಂದ್ರೆ ಗಂಟಲಲ್ಲಿ ಇಳಿಯಲ್ಲ" ಎಂದಿದ್ದರು. ಹಾಲಪ್ಪನಿಗೆ ಅವರ ಮುಖ ನೋಡಲಾಗಲಿಲ್ಲ. ಮುಖ ಥೇಟು ಮಗಳದೇ. ಎದ್ದು ಒಳಗೆ ಬಂದುಬಿಟ್ಟ.

"ಇಬ್ಬರೂ ಬುತ್ತಿ ಬಿಚ್ಚಿದಿರಾ?" ಎಂದು ಗುರುಗಳು ಕೇಳಿದರು.

"ಇಲ್ಲ ಬುದ್ಧಿ. ನನಗೆ ಮೊದಲು ಇದಕ್ಕೊಂದು ಉತ್ತರ ಬೇಕು."

"ಉತ್ತರ ನನ್ನ ಹತ್ತಿರ ಇಲ್ಲಪ್ಪ. ಒಂದು ಕತೆ ಇದೆ. ಕೂತುಕೋ."

ಹಾಲಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಊರ ಹಿಂದೆ ಬೋಳು ಗುಡ್ಡ. ಬಿಲ್ಲೆ ಎಸೆಯುವ ಆಟಕ್ಕೆಂದು ಆ ಗುಡ್ಡದ ಮೇಲೆ ಅಲ್ಲಲ್ಲಿ ಕಂಬ ನೆಟ್ಟಿದ್ದರು. ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿ. ಬಿಲ್ಲೆ ಎಂದರೆ ಊಟದ ತಟ್ಟೆಯಷ್ಟು ಅಗಲ. ದೂರದ ಒಂದು ಬಂಡೆಯ ಮೇಲೆ ನಿಂತು ಅದನ್ನು ಎಸೆಯಬೇಕು. ಸರಪಳಿಗೆ ತಾಗಿ ಬುಟ್ಟಿಗೆ ಬಿದ್ದರೆ ಆ ಕಂಬ ಮುಗಿಯಿತು. ಇಲ್ಲವೆಂದರೆ, ಬಿಲ್ಲೆ ಎಲ್ಲಿ ಬಿತ್ತೋ ಅಲ್ಲಿಗೆ ನಡೆದು ಹೋಗಿ ಅಲ್ಲಿಂದಲೇ ಮತ್ತೆ ಎಸೆಯಬೇಕು. ಮುಳ್ಳಿನಲ್ಲಿ ಬಿದ್ದಿದ್ದರೆ ಮುಳ್ಳಿನಿಂದಲೇ. ಜೊತೆಯವರು ಕಾಯಬೇಕು. ಎಲ್ಲರದೂ ಮುಗಿದ ಮೇಲೆ ಮುಂದಿನ ಕಂಬ.

ನೇಕಾರನಿಗೆ ಆ ಆಟ ಕಲಿಸಿದವಳು ಅವನ ಅಕ್ಕ. ಅವಳನ್ನು ದೂರದ ಊರಿಗೆ ಕೊಟ್ಟಿದ್ದರು. ಬಹಳ ವರ್ಷದ ಮೇಲೆ ಒಂದು ದಿನದ ಮಟ್ಟಿಗೆ ತವರಿಗೆ ಬಂದಳು. ಮಧ್ಯಾಹ್ನ ಊಟವಾದ ಮೇಲೆ ತಮ್ಮನನ್ನು ಎಬ್ಬಿಸಿದಳು.

"ನಡಿಯೋ ಗುಡ್ಡಕ್ಕೆ. ಆಡ್ಕೊಂಡು, ಮಾತಾಡ್ಕೊಂಡು ಕೊನೇ ಕಂಬಕ್ಕೆ ಹೋದರೆ ಅಲ್ಲೇ ಕೆಳಗೆ ನನ್ನ ಬಸ್ಸು ಸಿಗ್ತದೆ."

ಆಷಾಢದ ಗಾಳಿ. ಅಕ್ಕ ಬಿಲ್ಲೆಯನ್ನು ತಗ್ಗಿಸಿ ಮೆಲ್ಲಗೆ ಬಿಟ್ಟಳು. ಅದು ಕಂಬದ ಹತ್ತಿರ ಹೋಗಿ ಮಲಗಿತು. ನೇಕಾರ ಇದ್ದ ಬಲವೆಲ್ಲ ಹಾಕಿ ಎಸೆದ. ಎದುರುಗಾಳಿ ಬಿಲ್ಲೆಯ ಮೂತಿ ಎತ್ತಿ, ಹೊರಳಿಸಿ, ಮುಳ್ಳುಕಂಟಿಯ ಹಳ್ಳಕ್ಕೆ ಹಾಕಿತು.

"ಇದು ಲೆಕ್ಕಕ್ಕಿಲ್ಲ ಅಕ್ಕ. ಗಾಳಿ ಕೆಡಿಸ್ತು."

"ಚಿಕ್ಕೋನಿದ್ದಾಗಿಂದ ಇದೇ ಗೋಳು ನಿಂದು. ಮಗ್ಗದ ಮೇಲೆ ಒಂದು ಎಳೆ ಕಡಿದರೆ ಸೀರೆಯೆಲ್ಲ ಬಿಚ್ತೀಯೇನೋ? ಬಿದ್ದಲ್ಲಿಂದ ಎಸಿ ಬಾ. ಕಂಬದ ಹತ್ರ ಕಾಯ್ತಿರ್ತೀನಿ."

ಅಕ್ಕ ನಗುತ್ತ ಮುಂದೆ ಹೋದಳು. ತನ್ನ ಬಿಲ್ಲೆಯನ್ನು ಬುಟ್ಟಿಗೆ ಹಾಕಿ ನಿಂತಳು.

ನೇಕಾರ ಹಳ್ಳಕ್ಕಿಳಿದು ಬಿಲ್ಲೆ ಎತ್ತಿಕೊಂಡ. ಮುಂದಕ್ಕೆ ಹೋಗಲಿಲ್ಲ. ಬಂಡೆಗೆ ಮರಳಿದ. ಮೂತಿ ಎತ್ತಿದ್ದೇ ತಪ್ಪಾಯಿತು ಎಂದುಕೊಂಡು ತಗ್ಗಿಸಿ ಎಸೆದ. ಅಷ್ಟರಲ್ಲಿ ಗಾಳಿ ಹಿಂದಿನಿಂದ ಬೀಸಿತು. ಬಿಲ್ಲೆ ನೆಲ ಕಚ್ಚಿತು. ಮತ್ತೆ ಬಂಡೆಗೆ ಬಂದು ಎತ್ತಿ ಎಸೆದ. ಗಾಳಿ ಪಕ್ಕಕ್ಕೆ ತಿರುಗಿತ್ತು. ಪ್ರತಿ ಸಲವೂ ಅವನು ಕೈ ಸರಿಮಾಡಿಕೊಂಡದ್ದು ಹೋದ ಗಾಳಿಗೆ. ಬಂದದ್ದು ಬೇರೆ ಗಾಳಿ.

ಅಕ್ಕ ಸೆರಗನ್ನು ತಲೆಗೆ ಸುತ್ತಿಕೊಂಡಳು. ಕೈ ಬೀಸಿ ಕರೆದಳು. ಇನ್ನೊಂದೇ ಎಂದು ಅವನು ಬೆರಳೆತ್ತಿ ತೋರಿಸಿದ. ಅವಳು ಕಂಬಕ್ಕೆ ಒರಗಿ ಕೂತಳು. ಆಮೇಲೆ ಅವನು ಅತ್ತ ನೋಡಲಿಲ್ಲ. ಅವನ ಕಣ್ಣೆಲ್ಲ ಸರಪಳಿಯ ಮೇಲೆ.

ಹೊತ್ತು ಇಳಿಯಿತು. ಒಂದು ಗಳಿಗೆ ಗಾಳಿ ನಿಂತಿತು. ಎಸೆದ. ಬಿಲ್ಲೆ ನೆಟ್ಟಗೆ ಹೋಯಿತು. ಸರಪಳಿ ಝಲ್ಲೆಂದಿತು.

"ಅಕ್ಕಾ, ನೋಡಿದ್ಯಾ?" ಎಂದು ಕೂಗುತ್ತ ಓಡಿದ.

ಕಂಬದ ಹತ್ತಿರ ಯಾರೂ ಇರಲಿಲ್ಲ. ಬುಟ್ಟಿಯಲ್ಲಿ ಅವನ ಬಿಲ್ಲೆಯ ಕೆಳಗೆ ಅವಳ ಬಿಲ್ಲೆ ಇತ್ತು. ಕಂಬದ ಬುಡದಲ್ಲಿ ಒಂದು ಬಟ್ಟೆಯ ಗಂಟು. ದಾರಿಯುದ್ದಕ್ಕೂ ಇಬ್ಬರೂ ತಿನ್ನಲೆಂದು ಅವಳು ಹುರಿದು ತಂದ ಶೇಂಗಾ. ಗಂಟು ಬಿಚ್ಚಿರಲಿಲ್ಲ. ಗುಡ್ಡದ ಆಚೆ ಬಸ್ಸು ಏರು ಹತ್ತುವ ಸದ್ದು ಕೇಳಿಸಿತು.

ಮುಂದಿನ ಆಷಾಢ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಹಾಲಪ್ಪ ನೆಲ ನೋಡುತ್ತ ಕೂತಿದ್ದ. ಆ ಶೇಂಗಾ ಗಂಟು ಅವನ ಕಣ್ಣಿಗೆ ಕಟ್ಟಿದಂತಿತ್ತು. ಆದರೂ ಬಾಯಿಗೆ ಹಳೆಯ ಮಾತೇ ಬಂತು.

"ಮೊದಲನೆಯ ಸಲವೇ ಅವನು ಸರಿಯಾಗಿ ಎಸೆದಿದ್ದರೆ, ಬುದ್ಧಿ?"

ಗಾಳಿಗೆ ಮಠದ ಬಾಗಿಲು ಬಡಿದುಕೊಂಡಿತು. ಜಗಲಿಯ ಮೇಲೆ ಯಾರೋ ಕೆಮ್ಮಿದರು. ಗುರುಗಳು ಬಾಗಿಲ ಕಡೆ ನೋಡಿದರು. ಹಾಲಪ್ಪನೂ ತಿರುಗಿ ನೋಡಿದ.

"ಹೊರಗೆ ಆ ಗಾಳಿಯಲ್ಲಿ ಬುತ್ತಿಯ ಗಂಟು ಬಿಚ್ಚದೆ ಕೂತಿರುವವರು ಯಾರು ಹಾಲಪ್ಪಾ?"