ಗಾಜಿನ ಬೀರುವಿನ ಕೊಪ್ಪರಿಗೆ

"ಗುರುಗಳೇ, ಹಳೆಯ ವಸ್ತುವನ್ನು ಹಾಳಾಗದಂತೆ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಉಪ್ಪಿನಕಾಯಿ ಹಾಕಿಬಿಡು" ಎಂದರು ಗುರುಗಳು. ಶಿಷ್ಯ ನಕ್ಕ. "ನಗುತ್ತೀಯೇನೋ? ಹೆಚ್ಚು ಕಡಿಮೆ ಹಾಗೇ ಮಾಡಿದ ಮೇಷ್ಟ್ರೊಬ್ಬರಿದ್ದರು, ಪುಣ್ಯಾತ್ಮ! ಕೇಳು."

ಒಂದು ಊರಿನಲ್ಲಿ ತಾಮ್ರದ ಕೊಪ್ಪರಿಗೆಯೊಂದಿತ್ತು. ಒಳಗೆ ಇಬ್ಬರು ಕುಳಿತರೂ ಜಾಗ ಉಳಿಯುವಷ್ಟು ದೊಡ್ಡದು. ಯಾರ ಮನೆಯ ಮಗಳ ಮದುವೆಯಾದರೂ ಪಾಯಸ ಅದರಲ್ಲೇ ಆಗಬೇಕು. ಮದುವೆ ಮುಗಿದ ಮೇಲೆ ಮದುಮಗಳ ಹೆಸರನ್ನು ಅದರ ಅಂಚಿನ ಕೆಳಗೆ ಉಳಿಯಿಂದ ಕೊರೆಸಿ ಚಾವಡಿಗೆ ಹಿಂತಿರುಗಿಸಬೇಕು. ಇದು ಅಲ್ಲಿನ ಪದ್ಧತಿ.

ಆ ಊರಿನವರು ಒಂದು ಇತಿಹಾಸ ಸಂಘ ಕಟ್ಟಿದರು. ನಿವೃತ್ತರಾಗಿದ್ದ ಷಡಕ್ಷರಪ್ಪ ಮೇಷ್ಟ್ರು ಅಧ್ಯಕ್ಷರಾದರು. ಒಳ್ಳೆಯ ಮನುಷ್ಯ, ಹಠ ಸ್ವಲ್ಪ ಜಾಸ್ತಿ. ಒಂದು ದಿನ ಅವರು ಕೊಪ್ಪರಿಗೆಯ ಸುತ್ತ ತಿರುಗಿ ಹೆಸರುಗಳನ್ನು ಓದಿದರು. ನೂರ ಹನ್ನೆರಡು ಹೆಸರು! "ಅಯ್ಯೋ, ಇಂಥದ್ದನ್ನು ಒಲೆಯ ಮೇಲೆ ಇಡುತ್ತಿದ್ದೇವಲ್ಲ!" ಎಂದು ಹಣೆ ಚಚ್ಚಿಕೊಂಡರು. ಹುಣಸೆಹಣ್ಣು ಹಾಕಿ ಉಜ್ಜಿಸಿದರು. ಚಾವಡಿಯಲ್ಲೇ ಗಾಜಿನ ಬೀರು ಮಾಡಿಸಿ ಒಳಗಿಟ್ಟು, 'ಮುಟ್ಟಬಾರದು' ಎಂದು ಬೋರ್ಡು ಬರೆಸಿದರು. ನಿಮ್ಮ ಮನೆಯ ಹಳೆಯ ಪಟ, ಪತ್ರ ಏನಿದ್ದರೂ ತಂದುಕೊಡಿ ಎಂದು ಡಂಗುರವನ್ನೂ ಹೊಡೆಸಿದರು.

ವರ್ಷ ಕಳೆಯಿತು. ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಮದುವೆಯ ಮನೆಯವರು ಬಾಡಿಗೆ ಪಾತ್ರೆ ತಂದುಕೊಂಡರು. ಮೇಷ್ಟ್ರಿಗೆ ಎದುರು ಮಾತಾಡುವವರು ಯಾರು? ಊರಿನ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. "ಈ ಜನಕ್ಕೆ ಇತಿಹಾಸದ ಬೆಲೆ ಗೊತ್ತಿಲ್ಲ" ಎಂದು ಮೇಷ್ಟ್ರು ಬೇಸರಪಟ್ಟುಕೊಂಡರು.

ಆಗ ಪುಟ್ಟಹೊನ್ನಮ್ಮ ಬಂದಳು. ಹೂ ಕಟ್ಟಿ ಮಾರುವವಳು, ಗಂಡ ಇಲ್ಲ, ಇದ್ದವಳು ಒಬ್ಬಳೇ ಮಗಳು. ಆ ಮಗಳಿಗೆ ದೂರದ ಊರಿನ ಗಂಡು ಗೊತ್ತಾಗಿತ್ತು.

"ಮೇಷ್ಟ್ರೇ, ಬರುವ ಗುರುವಾರ ಚಂದ್ರಕಲಾಳ ಮದುವೆ. ಕೊಪ್ಪರಿಗೆ ಕೊಡಿ" ಎಂದಳು.

"ತಾಯಿ, ಅದೀಗ ಪಾತ್ರೆಯಲ್ಲ, ಇತಿಹಾಸ. ಬೆಂಕಿಗೆ ಇಟ್ಟರೆ ಹಾಳಾಗುತ್ತದೆ."

"ನನ್ನ ಅವ್ವನ ಹೆಸರು ಅದರ ಮೇಲಿದೆ, ನನ್ನದೂ ಇದೆ. ನನ್ನ ಮಗಳು ಏನು ಪಾಪ ಮಾಡಿದ್ದಾಳೆ? ಅವಳು ಹೊಸ್ತಿಲು ದಾಟಿದರೆ ಸಾಕು, ರೇಷನ್ ಕಾರ್ಡಿನಿಂದ ಹೆಸರು ತೆಗೆಯುತ್ತಾರೆ. ಓಟಿನ ಪಟ್ಟಿಯಿಂದಲೂ ತೆಗೆಯುತ್ತಾರೆ. ಈ ಊರಲ್ಲಿ ಹುಟ್ಟಿದವಳು ಅಂತ ಇನ್ನೆಲ್ಲಿ ಬರೆಸಲಿ, ನನ್ನ ಹಣೆಯ ಮೇಲೆಯೇ?" ಎಂದವಳು ಅಲ್ಲೇ ಅತ್ತುಬಿಟ್ಟಳು.

ನೂರ ಹನ್ನೆರಡು ಹೆಸರು ಓದಿದ ಮೇಷ್ಟ್ರಿಗೆ ಅವುಗಳ ಹಿಂದೆ ನಿಂತ ಒಬ್ಬ ತಾಯಿಯೂ ಕಂಡಿರಲಿಲ್ಲ. ಆದರೂ ಹಠ ಬಿಡಬೇಕಲ್ಲ! ಬೆಂಕಿಯಿಂದ ಕೊಪ್ಪರಿಗೆ ಕೆಡುತ್ತದೆ ಎಂದು ಹೇಳಿಸಲು ಕಲಾಯಿ ಹಾಕುವ ಬುಡನ್ ಸಾಬರನ್ನು ಕರೆಸಿದರು. ಸಾಬರು ಬೀರು ತೆಗೆದು ಕೊಪ್ಪರಿಗೆಯನ್ನು ಬೆಳಕಿಗೆ ಓರೆ ಮಾಡಿದರು. ಒಳಗೆ ತಳದ ತುಂಬ ಹಸಿರು ಕಿಲುಬು.

"ಮೇಷ್ಟ್ರೇ, ಇದನ್ನು ಬೆಂಕಿ ತಿಂದಿಲ್ಲ, ನಿಮ್ಮ ಬೀರು ತಿಂದಿದೆ. ಮದುವೆ ಬಂದಾಗಲೆಲ್ಲ ಒಳಗೆ ಹೊಸದಾಗಿ ತವರದ ಕಲಾಯಿ ಹಾಕಿಸುತ್ತಿದ್ದರು. ಅದಕ್ಕೇ ನಮ್ಮಜ್ಜನ ಕಾಲದಿಂದ ಗಟ್ಟಿಯಾಗಿತ್ತು" ಎಂದರು ಸಾಬರು.

ಮೇಷ್ಟ್ರು ಬಗ್ಗಿ ಕಿಲುಬು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಗೆಲ್ಲ ಪಾಠ ಹೇಳಿದೆ, ನನಗೇ ಪಾಠ ಬಾಕಿ ಇತ್ತು. ತಗೊಂಡು ಹೋಗಮ್ಮ" ಎಂದರು.

ಸಾಬರು ಕಿಲುಬು ಕೆರೆದು ಹೊಸ ಕಲಾಯಿ ಹಾಕಿದರು. ಕೊಪ್ಪರಿಗೆ ಎತ್ತಲು ಎಂಟು ಜನ ಸಾಕಿತ್ತು, ಬಂದವರು ನಲವತ್ತು. ಮೇಷ್ಟ್ರೇ ಸೌಟು ಹಿಡಿದರು, ಪಾಯಸದ ತಳ ಹಿಡಿಸಿ ಹೆಂಗಸರಿಂದ ಚೆನ್ನಾಗಿ ಬೈಸಿಕೊಂಡರು. ಊಟವಾದ ಮೇಲೆ ಮುದುಕಿಯರು ಅಂಚಿನ ಕೆಳಗೆ ಬೆರಳಾಡಿಸಿ, "ಇಗೋ ನಾನು! ಇಗೋ ನಮ್ಮಕ್ಕ!" ಎಂದು ಕೂಗಿದರು. ಎಲ್ಲರ ಎದುರಿಗೆ ಸಾಬರು ಚಂದ್ರಕಲಾ ಎಂದು ಕೊರೆದರು. ಪುಟ್ಟಹೊನ್ನಮ್ಮ ಆ ಅಕ್ಷರಗಳನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಅವಳ ಸಂತೋಷಕ್ಕೆ ಪಾರವೇ ಇರಲಿಲ್ಲ.

ಸುದ್ದಿ ಕೇಳಿ, ಹಿಂದಿನ ವರ್ಷ ಮದುವೆಯಾಗಿ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಬಸ್ಸು ಹತ್ತಿ ತವರಿಗೆ ಬಂದರು, ತಮ್ಮ ಹೆಸರನ್ನೂ ಕೊರೆಸಿಕೊಂಡರು. ಅವರ ಹಿಂದೆಯೇ ಊರಿನವರು ಬಂದರು. ಒಬ್ಬರ ಕೈಯಲ್ಲಿ ತಾತನ ಪಟ, ಒಬ್ಬರ ಕೈಯಲ್ಲಿ ಕೆರೆ ಕಟ್ಟಿಸಿದ ಕಾಲದ ಪತ್ರ. ಖಾಲಿಯಾಗಿದ್ದ ಬೀರು ತಿಂಗಳೊಳಗೆ ತುಂಬಿತು. ಸಂಘಕ್ಕೆ ಕುರ್ಚಿ ಸಾಲದೆ ಜನ ಚಾಪೆಯ ಮೇಲೆ ಕುಳಿತರು.

ಶಿಷ್ಯನಿಗೆ ಖುಷಿಯೇನೋ ಆಯಿತು, ಅನುಮಾನ ಹೋಗಲಿಲ್ಲ. "ಆದರೂ ಗುರುಗಳೇ, ಹೀಗೆ ಒಲೆಗೆ ಏರಿಸುತ್ತಲೇ ಇದ್ದರೆ ಒಂದು ದಿನ ತಳ ತೂತಾಗುವುದಿಲ್ಲವೇ?"

"ಆಗಲಿ ಬಿಡಪ್ಪ, ಅಂದು ಬೆಸುಗೆ ಹಾಕಿಸಲು ಊರಿಗೆ ಊರೇ ಓಡಿಬರುತ್ತದೆ."