ಲಿಪಿಕಾರ ಬಿಟ್ಟ ಗರಿ

"ಗುರುಗಳೇ, ಕೆಟ್ಟು ಅಳಿದ ನಾಯಕರ ಕಾವ್ಯಗಳನ್ನು ಮತ್ತೆ ಮತ್ತೆ ಏಕೆ ಓದಬೇಕು? ಅವರ ತಪ್ಪು ಮೊದಲ ಓದಿಗೇ ತಿಳಿಯುತ್ತದಲ್ಲ" ಎಂದು ಶಿಷ್ಯ ನಾಗಿದೇವ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಲಿಪಿಕಾರನಿದ್ದ. ಹಳೆಯ ಕಾವ್ಯಗಳನ್ನು ತಾಳೆಗರಿಯ ಮೇಲೆ ಪ್ರತಿ ಮಾಡುವುದು ಅವನ ಕಸುಬು. ಊರ ಗೌಡ ತನ್ನ ಮನೆಯಲ್ಲಿ ಓದಿಸುವುದಕ್ಕೆಂದು ಒಬ್ಬ ಅರಸನ ಕಾವ್ಯವನ್ನು ಬರೆದುಕೊಡಲು ಹೇಳಿದ. ಆ ಅರಸ ಶೂರ, ಕೊಡುಗೈಯವನು. ಬರೆಯುತ್ತ ಬರೆಯುತ್ತ ಲಿಪಿಕಾರನಿಗೆ ಅವನ ಮೇಲೆ ಮಗನ ಮೇಲಿನಷ್ಟು ಮಮತೆ ಹುಟ್ಟಿತು. ನಡುವೆ ಒಂದು ಗರಿ ಬಂತು. ತಪ್ಪನ್ನು ತಪ್ಪೆಂದ ತಮ್ಮನನ್ನು ಅರಸ ತುಂಬಿದ ಸಭೆಯಲ್ಲಿ ಹಳಿದು ಊರು ಬಿಡಿಸಿದ್ದು ಅದರಲ್ಲಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಬರೀ ಪ್ರತಿ ಮಾಡಿದವನಿಗೂ ಅದೇ ಪಾಡು. ಲಿಪಿಕಾರ ಆ ಗರಿಯನ್ನು ಬಿಟ್ಟು ಮುಂದಕ್ಕೆ ಹೋದ. ಕೊನೆಯಲ್ಲಿ ವಾಡಿಕೆಯಂತೆ 'ಕೈತಪ್ಪಿದ್ದರೆ ಬಲ್ಲವರು ತಿದ್ದಿ ಓದುವುದು' ಎಂದು ಬರೆದ. ಬಿಟ್ಟದ್ದು ಕೈತಪ್ಪಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಗೌಡನ ಪಡಸಾಲೆಯಲ್ಲಿ ಹಲವು ದಿನ ಓದು ನಡೆಯಿತು. ಊರಿಗೆ ಊರೇ ಬಂದು ಕೂತು ಕೇಳಿತು. ಗೌಡನೂ ಹಿಂದಿನ ವರ್ಷ, ತನ್ನ ತಪ್ಪನ್ನು ಎತ್ತಿ ಆಡಿದನೆಂದು ಸ್ವಂತ ತಮ್ಮನನ್ನು ಮನೆಯಿಂದ ಹೊರಹಾಕಿದ್ದ. ಆ ತಮ್ಮ ಹೊಳೆಯಾಚೆಯ ಊರಿನಲ್ಲಿ ಜ್ವರ ಹಿಡಿದು, ನೋಡುವವರಿಲ್ಲದೆ ಮಲಗಿದ್ದಾನೆಂದು ಈಗ ಊರಿಗೆಲ್ಲ ಸುದ್ದಿ ಬಂದಿತ್ತು. ಹೋಗಲೋ ಬೇಡವೋ ಎಂದು ಗೌಡ ಒಳಗೊಳಗೇ ತೂಗುತ್ತಿದ್ದ. ಅಷ್ಟರಲ್ಲಿ ಕಾವ್ಯದ ಅರಸ ರಣದಲ್ಲಿ ಒಂಟಿಯಾಗಿ ಬಿದ್ದ. ಅದನ್ನು ಕೇಳಿ ಗೌಡ ಎದ್ದುನಿಂತ.

"ತಪ್ಪೇ ಮಾಡದವನಿಗೆ ಈ ಗತಿ ಬಂದ ಮೇಲೆ, ನಾನು ತಗ್ಗಿ ನಡೆದು ಆಗಬೇಕಾದ್ದೇನು?" ಎಂದ. ಹೊಳೆ ದಾಟುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಲಿಪಿಕಾರನೂ ಅಲ್ಲೇ ಕೂತು ಕೇಳುತ್ತಿದ್ದ. ತನ್ನ ಮಮತೆ ಯಾರದೋ ಜೀವಕ್ಕೆ ಮುಳುವಾಯಿತಲ್ಲ ಎಂದು ಸಂಕಟಪಟ್ಟ. ಒಪ್ಪಿಕೊಂಡರೆ ಇನ್ನು ಯಾರೂ ತನ್ನ ಕೈಗೆ ಓಲೆ ಕೊಡುವುದಿಲ್ಲ ಎಂದು ಬಲ್ಲವನಾಗಿದ್ದ. ಆದರೂ ಮನೆಗೆ ಓಡಿ, ಮೂಲದ ಕಟ್ಟಿನಿಂದ ಆ ಗರಿಯನ್ನು ತಂದು ಎಲ್ಲರೆದುರು ಕೈಮುಗಿದ.

"ಇದನ್ನು ನಾನೇ ಮುಚ್ಚಿಟ್ಟೆ, ಗೌಡರೇ. ಅರಸ ಒಂಟಿಯಾದದ್ದು ರಣದಲ್ಲಲ್ಲ, ಇಲ್ಲಿ."

ಅವನು ಓದಿದ. ಗೌಡ ತಲೆ ತಗ್ಗಿಸಿ ಕೇಳಿದ, ಇನ್ನೊಮ್ಮೆ ಓದಲು ಹೇಳಿದ. ಎರಡನೆಯ ಓದು ಮುಗಿಯುವ ಮೊದಲೇ ಎದ್ದು ಹೊಳೆಯ ದಾರಿ ಹಿಡಿದು ದೋಣಿ ಹತ್ತಿದ. ತಮ್ಮನ ತಲೆಯ ಬಳಿ ಕೂತು ತಾನೇ ಗಂಜಿ ಕುಡಿಸಿದ. ಎಂಟನೆಯ ದಿನಕ್ಕೆ ಜ್ವರ ಇಳಿಯಿತು. ಅಣ್ಣತಮ್ಮಂದಿರು ಒಂದೇ ದೋಣಿಯಲ್ಲಿ ಊರಿಗೆ ಬಂದರು. ಆ ಗರಿಯನ್ನು ಅದರ ಜಾಗದಲ್ಲಿ ಸೇರಿಸುವ ಕೆಲಸವನ್ನು ಗೌಡ ಲಿಪಿಕಾರನಿಗೇ ಕೊಟ್ಟ.

ಕತೆ ಕೇಳಿದ ನಾಗಿದೇವ, "ಆ ಗರಿ ಓದಿದ ಮೇಲೆ ಅರಸನ ತಪ್ಪು ಅಲ್ಲಿದ್ದ ಎಲ್ಲರಿಗೂ ತಿಳಿದಿರಬೇಕು" ಎಂದ.

"ಮೊದಲ ಓದಿಗೇ ಎಲ್ಲರಿಗೂ ತಿಳಿಯಿತು, ದೋಣಿ ಹತ್ತಿದವನು ಇನ್ನೊಮ್ಮೆ ಓದಿಸಿದವನೊಬ್ಬನೇ" ಎಂದರು ಗುರುಗಳು.