ಅವ್ವನ ಹಾಡು, ಅರವಟ್ಟಿಗೆಯ ನೀರು

ಹೊಳೆಯ ದಂಡೆಗೆ ಒಂದು ಆಶ್ರಮ. ಒಂದು ಬೇವಿನ ಮರ, ಭಜನೆಗೊಂದು ಪಡಸಾಲೆ, ರಸ್ತೆಯ ಬದಿಗೆ ದಾರಿಹೋಕರ ನೀರಿನ ಅರವಟ್ಟಿಗೆ. ಅಷ್ಟೇ.

ಅಲ್ಲಿಯ ಗುರುಗಳು ಅಡವಯ್ಯಜ್ಜ. ಎಪ್ಪತ್ತು ದಾಟಿದ್ದರೂ ಹೊಳೆಯಿಂದ ನೀರು ತಂದು ಅರವಟ್ಟಿಗೆಯ ಮಣ್ಣಿನ ಹರವಿ ತುಂಬುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಶಿಷ್ಯನ ಹೆಸರು ನಿಜಗುಣ. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದವನು, ತಾಯಿ ತೀರಿದ ಮೇಲೆ ಅಂಗಡಿ ಮುಚ್ಚಿ ಇಲ್ಲಿಗೆ ಬಂದ. ಬರುವಾಗ ಒಂದು ಕಂಪ್ಯೂಟರ್ ತಂದ, ಒಂದು ಸಿಟ್ಟು ತಂದ. ಕಂಪ್ಯೂಟರ್ ಆಗಾಗ ಕೆಡುತ್ತಿತ್ತು. ಸಿಟ್ಟು ಒಂದು ದಿನವೂ ಕೆಟ್ಟು ಕೂತದ್ದಿಲ್ಲ.

ಆ ದಿನ ಬೆಳಿಗ್ಗೆ ಪಡಸಾಲೆಯಿಂದ ಅವನ ಕೂಗು ಹೊಳೆಯವರೆಗೂ ಕೇಳಿತು.

"ಇವರ ಮನಿ ಹಾಳಾಗ! ಇವರ ಬಾಯಾಗ ಮಣ್ಣ ಬೀಳ!"

ಅಜ್ಜ ಕೊಡ ಇಳಿಸಿ ಒಳಗೆ ಬಂದರು. "ಯಾರ ಬಾಯಾಗೋ?"

"ಹಾಡಿನ ಕಂಪನಿಯವರದ್ರಿ ಅಜ್ಜಾರ. ನೋಡ್ರಿಲ್ಲೆ!"

ಪರದೆಯ ಮೇಲೆ ಒಂದೇ ಸಾಲು ಇತ್ತು. ಈ ಹಾಡು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಹಾಡು ಅವನ ತಾಯಿ ನೀಲವ್ವನದು. ಇಪ್ಪತ್ತೈದು ವರ್ಷದ ಹಿಂದೆ ಕ್ಯಾಸೆಟ್ ಮಾಡುವವರು ಯಾರೋ ಬಂದು, ಆಶ್ರಮದ ಭಜನೆಗೆ ಬರುತ್ತಿದ್ದ ಆಕೆಯಿಂದ ಒಂದು ಪದ ಹಾಡಿಸಿಕೊಂಡು ಹೋಗಿದ್ದರು. ಕ್ಯಾಸೆಟ್ಟಿನ ಕಾಲ ಮುಗಿಯಿತು. ಹಾಡು ಯಾರ್ಯಾರದೋ ಕೈ ದಾಟಿ ಒಂದು ದೊಡ್ಡ ಕಂಪನಿಯ ಪಾಲಾಯಿತು. ತಿಂಗಳ ಚಂದಾ ಕಟ್ಟಿದವರಿಗೆ ಇಂಟರ್‌ನೆಟ್ಟಿನಲ್ಲಿ ಹಾಡು ಕೇಳಿಸುವ ಕಂಪನಿ. ನಿಜಗುಣ ಚಂದಾ ಕಟ್ಟಿ ದಿನಾ ಸಂಜೆ ಕೇಳುತ್ತಿದ್ದ. ಇವತ್ತು ಹಾಡು ಇಲ್ಲ.

"ಎಲ್ಲಿ ಕೂತು ಹಾಡಿದ್ದಳೋ ಆಕಿ?" ಅಜ್ಜ ಕೇಳಿದರು.

"ಇಲ್ಲೇ ರೀ, ಈ ಬೇವಿನ ಗಿಡದ ಕೆಳಗ."

"ಎಲ್ಲಿ ಸಿಗೂದಿಲ್ಲಂತ?"

"ಇಲ್ಲೇ ರೀ!"

ಅಜ್ಜ ಒಮ್ಮೆ ಪರದೆ ನೋಡಿದರು, ಒಮ್ಮೆ ಹೊರಗಿನ ಮರ ನೋಡಿದರು. "ಹಂಗಾರ ಗಿಡಾನ ಊರು ಬಿಟ್ಟು ಹೋಗಿರಬೇಕು" ಎಂದರು.

ನಿಜಗುಣನಿಗೆ ನಗು ಬರಲಿಲ್ಲ. ಇನ್ನು ನಾಲ್ಕು ದಿನಕ್ಕೆ, ಗುರುವಾರ, ತಾಯಿಯ ವರ್ಷದ ಪುಣ್ಯತಿಥಿ. ಸೊಲ್ಲಾಪುರದಿಂದ ತಂಗಿ ಕಸ್ತೂರಿ ಬರುವವಳಿದ್ದಳು. ತಾಯಿ ಸತ್ತ ದಿನ ಆಕೆ ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು. ಮಣ್ಣಿಗೂ ಬರಲಾಗಲಿಲ್ಲ. ಫೋನಿನಲ್ಲಿ ಒಂದೇ ಮಾತು ಕೇಳಿದ್ದಳು: "ಅಣ್ಣಾ, ಅವ್ವನ ಮಾರಿ ನೋಡಾಕಂತೂ ಸಿಗಲಿಲ್ಲ. ದನೀನರ ಕೇಳಸು."

ಕೇಳಿಸುತ್ತೇನೆ ಎಂದು ಮಾತು ಕೊಟ್ಟಿದ್ದ.

ಅವನು ಕೂತು ಕಂಪನಿಗೆ ಪತ್ರ ಬರೆದ. ಒಂದು ತಾಸು ಹಿಡಿಯಿತು. ಒಂದೊಂದು ಶಬ್ದವನ್ನೂ ತೂಗಿ ಇಟ್ಟ.

ಉತ್ತರ ಅರೆ ನಿಮಿಷದಲ್ಲಿ ಬಂತು. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ದಯವಿಟ್ಟು ಈ ವಿಳಾಸಕ್ಕೆ ಮರಳಿ ಬರೆಯಬೇಡಿ.

"ಯಂತ್ರ ಉತ್ತರ ಕೊಟ್ಟೈತ್ರಿ" ಎಂದು ಹಲ್ಲು ಕಡಿದ. "ಹಾಳಾಗಿ ಹೋಗ್ಲಿ. ನನ್ನ ಕಡೆ ನಂದs ಒಂದು ಕಾಪಿ ಐತಿ."

ಇತ್ತು. ಮನೆಯ ಕ್ಯಾಸೆಟ್ಟಿನ ಟೇಪು ತುಂಡಾಗುವ ಮೊದಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಕಂಪನಿಯದರಲ್ಲಿ ದನಿ ತಿಳಿಯಾಗಿತ್ತೆಂದು ಇದನ್ನು ಮುಟ್ಟಿರಲಿಲ್ಲ.

ಆದರೆ ಸಾಫ್ಟ್‌ವೇರ್ ವಿಷಯದಲ್ಲಿ ನಿಜಗುಣನದು ಭಾರೀ ಮಡಿ. ಮುಕ್ತ ಸಾಫ್ಟ್‌ವೇರ್ ಬಿಟ್ಟು ಬೇರೆಯದನ್ನು ಮುಟ್ಟುವವನಲ್ಲ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಅಂಥದ್ದು ಮಾತ್ರ ಅವನಿಗೆ ಸಲ್ಲುತ್ತಿತ್ತು. ಚಂದಾ ಕಟ್ಟಿ ಕೇಳುವ ಹಾಡಿಗೆ ಆ ಮಡಿ ಯಾಕಿಲ್ಲ ಎಂದು ಕೇಳಬಾರದು. ಮಡಿಯವರ ಮನೆಗೂ ಒಂದು ಹಿತ್ತಲ ಬಾಗಿಲು ಇರುತ್ತದೆ.

ಲೋಕವೆಲ್ಲ ಹಾಡನ್ನು ಎಂಪಿತ್ರೀ ಮಾಡಿಟ್ಟರೆ, ಇವನು ಅವ್ವನ ಹಾಡನ್ನು ಯಾರೂ ಕೇಳರಿಯದ ಒಂದು ಮುಕ್ತ ಫೈಲ್ ರೂಪದಲ್ಲಿ ಇಟ್ಟಿದ್ದ. ಅದನ್ನು ಹಾಡಿಸುವ ಪ್ಲೇಯರ್ ಸಾಫ್ಟ್‌ವೇರ್ ಇದ್ದದ್ದು ಒಂದೇ. ಆ ಪ್ಲೇಯರನ್ನು ತಿದ್ದಿ ತೀಡಿ ನೋಡಿಕೊಳ್ಳುತ್ತಿದ್ದವನೂ ಒಬ್ಬನೇ, ದೂರದೇಶದ ಯೋನಾಸ್ ಎಂಬಾತ. ತನ್ನ ನೌಕರಿ ಮುಗಿಸಿ, ಉಳಿದ ಹೊತ್ತಿನಲ್ಲಿ, ಯಾರಿಂದಲೂ ಏನೂ ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಿದ್ದ.

ನಿಜಗುಣ ಪ್ಲೇಯರ್ ತೆರೆದ. ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಅದು ಕೇಳಿತು. ಕೆಳಗೆ ಅರ್ಧ ಪುಟ ಎಚ್ಚರಿಕೆಯೂ ಇತ್ತು. ಇಂಥದ್ದನ್ನೆಲ್ಲ ಓದುವುದು ಹೊಸಬರ ಕೆಲಸ ಎಂಬುದು ಅವನ ಎಣಿಕೆ. ಓದದೆ 'ಹೌದು' ಒತ್ತಿದ.

ಅವ್ವನ ಹಾಡು ತೆರೆಯಲಿಲ್ಲ. ಹಳೆಯ ರೂಪದ ಹಾಡುಗಳನ್ನು ಇನ್ನು ನುಡಿಸಲಾಗದು ಎಂದು ಬಂತು.

ಎರಡನೆಯ ಪತ್ರ ಬರೆಯಲು ತಾಸು ಬೇಕಾಗಲಿಲ್ಲ. ಬೆರಳುಗಳು ಹುರಿಯುವ ಜೋಳದ ಹಾಗೆ ಸಿಡಿದವು. ಯೋನಾಸನಿಗೆ ಕಳಿಸಿ, ಎದ್ದು ಹೊರಗೆ ಬಂದ.

ಹೊರಗೆ ಮಧ್ಯಾಹ್ನದ ಬಸ್ಸು ನಿಂತಿತ್ತು. ಒಬ್ಬ ಮನುಷ್ಯ ಅರವಟ್ಟಿಗೆಯಲ್ಲಿ ಒಂದರ ಮೇಲೊಂದು ಮೂರು ತಂಬಿಗೆ ನೀರು ಕುಡಿದ. ಬಾಯಿ ಒರೆಸಿಕೊಂಡ. ಆಮೇಲೆ ಅಜ್ಜನ ಮೇಲೆ ಹರಿಹಾಯ್ದ.

"ಇದೇನ್ ನೀರೋ, ಜಳಕದ ಬಿಸಿನೀರೋ? ಮಾಡಾಕ ಬರಲಿಲ್ಲಂದ್ರ ಯಾಕ ಇಡ್ತೀರಿ? ಬಂದ್ ಮಾಡಿ ಮನ್ಯಾಗ ಬಿದ್ದಿರ್ರಿ!"

"ತಪ್ಪಾತ್ರೀ" ಎಂದರು ಅಜ್ಜ. "ಹರವಿಗೆ ಹಸಿ ಅರಬಿ ಸುತ್ತೂದು ಮರತಿದ್ದೆ." ಅಲ್ಲೇ ಒಂದು ಬಟ್ಟೆ ನೆನೆಸಿ ಹರವಿಗೆ ಸುತ್ತತೊಡಗಿದರು.

ಆ ಮನುಷ್ಯ ಬಸ್ಸು ಹತ್ತಿದ. ನಿಜಗುಣ ಅವನ ಹಿಂದೆ ನುಗ್ಗಿದ. ಅಜ್ಜ ರಟ್ಟೆ ಹಿಡಿದರು. ಬಸ್ಸು ಹೊರಟುಹೋಯಿತು.

"ಬಿಡ್ರಿ ಅಜ್ಜಾರ! ನೀವು ಈ ವಯಸ್ಸಿನ್ಯಾಗ ಹೊಳಿಂದ ಹೊತ್ತು ತಂದ ನೀರು. ಪುಕ್ಕಟೆ ಕುಡದು, ಕೊಟ್ಟವರಿಗೇ ಬೈತಾನಲ್ಲ, ಇವಗ ನಾಚಿಕಿ ಬ್ಯಾಡೇನ್ರಿ? ಉಂಡ ಮನಿ ಜಂತಿ ಎಣಸಾವ! ಇಂಥಾವ್ರು ಮನುಷ್ಯರೇನ್ರಿ?"

"ಈ ಮಾತು ನೆನಪಿಟ್ಟುಕೋ" ಎಂದರು ಅಜ್ಜ. "ಉಪಯೋಗಕ್ಕ ಬರ್ತೈತಿ."

ಊಟಕ್ಕೆ ಕೂತಾಗ ನಿಜಗುಣ ಯೋನಾಸನ ಕಥೆಯನ್ನೂ ಹೇಳಿಕೊಂಡ. ಊಟ ಮುಗಿಸಿ ಇಬ್ಬರೂ ಬೇವಿನ ನೆರಳಿಗೆ ಕೂತರು.

"ಮುಂಜಾನಿ ಎರಡು ಪತ್ರ ಬರದಿ. ಓದು, ಕೇಳೂಣು. ಕನ್ನಡದಾಗ ಓದು. ನನಗ ಇಂಗ್ಲಿಷ್ ತಿಳಿಯೂದಿಲ್ಲ."

ಮೊದಲನೆಯದನ್ನು ಸರಾಗವಾಗಿ ಓದಿದ. "ಮಾನ್ಯರೇ, ತಮ್ಮ ಅಮೂಲ್ಯ ಸಮಯ ತಗೊಳ್ಳೂದಕ್ಕ ಕ್ಷಮೆ ಇರಲಿ. ದಯಮಾಡಿ ನಮ್ಮ ತಾಯಿಯ ಹಾಡನ್ನ ಮತ್ತ ಕೇಳುವ ಹಂಗ ಮಾಡಿದರ ಋಣಿಯಾಗಿರ್ತೀನಿ."

"ಛಲೋ ಐತಿ. ಎರಡನೇದು?"

"ಅದೇನ್ ಬ್ಯಾಡ್ರಿ ಅಜ್ಜಾರ."

"ಓದು."

"ನಿನಗ..." ನಿಜಗುಣ ಮತ್ತೆ ಮೊದಲಿನಿಂದ ಸುರು ಮಾಡಿದ. "ನಿನಗ ಮಾಡಾಕ ಬರಲಿಲ್ಲಂದ್ರ ಯಾಕ ಇಡ್ತೀ. ಬಂದ್ ಮಾಡಿ... ಮನ್ಯಾಗ..."

ಮುಂದೆ ಓದಲಾಗಲಿಲ್ಲ. ಅರವಟ್ಟಿಗೆಯ ಹರವಿ ಎದುರಿಗೇ ಇತ್ತು. ಸುತ್ತಿದ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಹಾಡು ಕಸಕೊಂಡವರು ಯಾರು?" ಅಜ್ಜ ಕೇಳಿದರು.

"ಕಂಪನಿಯವರು."

"ಕೈ ಮುಗದದ್ದು ಯಾರಿಗೆ?"

"ಕಂಪನಿಯವರಿಗೆ."

"ಪುಕ್ಕಟೆ ಕೊಟ್ಟಾಂವ ಯಾರು?"

ನಿಜಗುಣನಿಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ಕಂಪನಿಗೆ ಬೈದು ಏನ್ ಮಾಡೂದ್ರಿ? ಅಲ್ಲಿ ಓದವರ ಇಲ್ಲ! ಇಂವ ಆದ್ರ ಕೂತು ಓದ್ತಾನ್ರಿ."

"ಕೇಳವರು ಇದ್ದಲ್ಲೇ ಬೈಬೇಕಲ್ಲ ಮತ್ತ" ಎಂದರು ಅಜ್ಜ. ಆಮೇಲೆ ಮೆಲ್ಲಗೆ ಕೇಳಿದರು. "ನಿಮ್ಮವ್ವಗೂ ಹಿಂಗs ಬೈತಿದ್ದೇನು?"

ಬೈಯುತ್ತಿದ್ದ. ಹಗಲೆಲ್ಲ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹಲ್ಲು ಗಿಂಜಿ ಬಂದು, ಆ ಸಿಟ್ಟನ್ನೆಲ್ಲ ಊಟದ ಗಂಗಾಳದ ಮುಂದೆ ಕೂತು ಆಕೆಯ ಮೇಲೆ ಕಾರುತ್ತಿದ್ದ. ರೊಟ್ಟಿ ಬಿರುಸಾಯಿತು, ಪಲ್ಯ ಸಪ್ಪಗಾಯಿತು. ಆಕೆ ಕೇಳಿಸಿಕೊಂಡು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

"ಅವ್ವನ ಸುದ್ದಿ ತಗೀಬ್ಯಾಡ್ರಿ!" ಎಂದು ಚೀರಿ ನಿಜಗುಣ ಎದ್ದು ಹೋದ. ಎರಡು ದಿನ ಗುರುಗಳ ಮುಖ ನೋಡಲಿಲ್ಲ.

ಬುಧವಾರ ಯೋನಾಸನ ಉತ್ತರ ಬಂತು. ಇದು ಯಂತ್ರದ್ದಲ್ಲ.

"ಎಚ್ಚರಿಕೆ ಬರೆದಿದ್ದೆ. ಎದ್ದು ಕಾಣುವಂತೆ ಬರೆಯಬೇಕಿತ್ತು, ತಪ್ಪು ನನ್ನದು. ಸರಿಮಾಡಿ ಹಾಕಿದ್ದೇನೆ, ನಿಮ್ಮ ಹಾಡು ಈಗ ತೆರೆಯುತ್ತದೆ. ಹನ್ನೊಂದು ವರ್ಷ ಇದನ್ನು ನೋಡಿಕೊಂಡೆ. ಇಂಥ ಪತ್ರಗಳು ಮೊದಲೂ ಬಂದಿವೆ. ಇನ್ನು ನನ್ನಿಂದಾಗದು. ನೀವು ಹೇಳಿದಂತೆ ಬಂದ್ ಮಾಡುತ್ತಿದ್ದೇನೆ. ಯಾರಾದರೂ ಮುಂದುವರಿಸುವುದಾದರೆ ಎಲ್ಲವೂ ತೆರೆದೇ ಇದೆ."

ನಿಜಗುಣ ಅದನ್ನು ನಾಲ್ಕು ಸಲ ಓದಿದ. ಬೈಯಲು ಯಾರೂ ಸಿಗಲಿಲ್ಲ.

ಗುರುವಾರ ಕಸ್ತೂರಿ ಬಂದಳು. ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ನಿಜಗುಣ ಹಾಡು ಹಚ್ಚಿದ.

ಮೊದಲು ಒಂದು ಕೆಮ್ಮು ಬಂತು. ಆಮೇಲೆ ತಾಯಿಯ ಮಾತು: "ಸುರು ಮಾಡ್ಲೇನ್ರಿ?"

ಕಂಪನಿಯವರು ಆ ಮಾತನ್ನು ಕತ್ತರಿಸಿ ಎಸೆದಿದ್ದರು. ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದರಲ್ಲಿ ಅದು ಹಾಗೇ ಉಳಿದಿತ್ತು. ಕಸ್ತೂರಿ ಹಾಡು ಸುರುವಾಗುವ ಮೊದಲೇ ಅಳತೊಡಗಿದಳು.

ಹಾಡು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರಣ್ಣಾ ಇದನ್ನ ಕೇಳೂಹಂಗ ಮಾಡಿಕೊಟ್ಟಾವ್ರು? ಅವರ ಹೊಟ್ಟಿ ತಣ್ಣಗಿರಲಿ."

ನಿಜಗುಣ ಕಂಪ್ಯೂಟರ್ ಆರಿಸಿದ. ಎದ್ದು ಹೊರಗೆ ನಡೆದ.

ಅಜ್ಜ ಅರವಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದರು. ಹರವಿ ಬೋರಲು ಬಿದ್ದಿತ್ತು. ಒಂದು ಹನಿ ನೀರಿರಲಿಲ್ಲ.

"ಅಜ್ಜಾರ, ನೀರ ಇಟ್ಟಿಲ್ಲಲ್ರಿ ಇವತ್ತ?"

"ಬಂದ್ ಮಾಡು ಅಂದಿದ್ದನಲ್ಲ ಆ ಮನುಷ್ಯಾ."

"ಯಾವನೋ ಒಬ್ಬ ತಿಳಿಗೇಡಿ ಅಂದದ್ದಕ್ಕ ಬಂದ್ ಮಾಡೂದೇನ್ರಿ? ಈ ಬಿಸಲಾಗ ದಾರಿ ಮ್ಯಾಲಿನ ಮಂದಿ ಎಲ್ಲಿ ಹೋಗಬೇಕು? ಅಂದಾವ ಅಂದು ಹ್ವಾದ, ಅಂವಗೇನು? ಅಂಥಾವಗ..."

ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತು. ಯಾರಿಗೆ ಬೈಯುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಕಟ್ಟೆಯ ಕೆಳಗೆ ಕೂತ.

"ತಪ್ಪಾತು ಅಂತ ಆ ಯೋನಾಸಗ ಬರದೆ ರೀ" ಎಂದ. "ಸಿಟ್ಟಿಲ್ಲಂತ. ಆದ್ರ ಇನ್ನ ಮಾಡೂದಿಲ್ಲಂತ. ಇವತ್ತ ಹಾಡು ತಗೀತು ರೀ. ನಾಳೆ ಕಂಪ್ಯೂಟರ್ ಬದಲಾದ್ರ ಮತ್ತ ತಗಿಯೂದಿಲ್ಲ. ನಂದಷ್ಟs ಅಲ್ಲ, ಇನ್ನ ಎಷ್ಟೋ ಮಂದಿದು."

"ಅವನ ಕೆಲಸ ನಿನಗ ಬರ್ತೈತೇನು?"

"ಅರ್ಧಾಮರ್ಧಾ ಬರ್ತೈತ್ರಿ. ಉಳಿದದ್ದು ಕಲೀಬಹುದು. ಆದ್ರ ಅದು ಇದ್ದ ಹೊತ್ತೆಲ್ಲಾ ತಿಂತೈತ್ರಿ ಅಜ್ಜಾರ. ಒಬ್ಬರೂ ಛಲೋ ಅನ್ನೂದಿಲ್ಲ."

ಅಜ್ಜ ಎದ್ದು ಹರವಿಯನ್ನು ನೆಟ್ಟಗೆ ಇಟ್ಟರು. ಖಾಲಿ ಕೊಡ ತೆಗೆದು ಶಿಷ್ಯನ ಕೈಗೆ ಕೊಟ್ಟರು.

"ಲಗೂನ ತುಂಬಕೊಂಡು ಬಾ. ಬೈಯಾವ್ರು ಮಧ್ಯಾಹ್ನದ ಬಸ್ಸಿಗೆ ಬರ್ತಾರ."